ಎದೆಯುರಿಗೆ ಎಂಡೊಸ್ಕೋಪಿ ಚಿಕಿತ್ಸೆ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಜೀರ್ಣಾಂಗದ ಕಾಯಿಲೆಗಳನ್ನು ನೋಡುವ ವೈದ್ಯೆ ನಾನು. ಸಿರುಗುಪ್ಪ, ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆಯಿಂದ ಬರುವವರಲ್ಲಿ ಅನೇಕರ ಮೊದಲ ಮಾತು ‘ಗ್ಯಾಸ್ಟ್ರಿಕ್’. ಈಚೆಗೆ ಅವರಲ್ಲಿ ಕೆಲವರು ಇನ್ನೊಂದು ಪ್ರಶ್ನೆಯನ್ನೂ ತರುತ್ತಿದ್ದಾರೆ: ಹೊಟ್ಟೆ ಕೊಯ್ಯದೆ, ಬಾಯಿಯ ಮೂಲಕವೇ ಒಳಗಿನ ಕವಾಟ ಬಿಗಿ ಮಾಡುತ್ತಾರಂತೆ, ನನಗೂ ಆಗುತ್ತದೆಯೇ? ಕ್ಯಾಮೆರಾ ಇರುವ ಕೊಳವೆಯನ್ನು (ಎಂಡೊಸ್ಕೋಪ್) ಬಾಯಿಯಿಂದ ಇಳಿಸಿ ಮಾಡುವ ಎಂಡೊಸ್ಕೋಪಿ ಚಿಕಿತ್ಸೆ ಎಂದರೆ ಇದೇ. ತಪಾಸಣೆಯ ನಡುವೆ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಕೆಲವರಿಗೆ ಈ ಚಿಕಿತ್ಸೆ ನಿಜವಾಗಿಯೂ ನೆಮ್ಮದಿ ಕೊಡುತ್ತದೆ. ಆದರೆ ಆ ಕೆಲವರು ಯಾರು ಎಂಬುದನ್ನು ಪರೀಕ್ಷೆಯಿಂದ ತಿಳಿಯಬೇಕು, ಊಹೆಯಿಂದಲ್ಲ.

## ಮೊದಲು ರೋಗದ ಬಗ್ಗೆ

ಗ್ಯಾಸ್ಟ್ರಿಕ್, ಅಸಿಡಿಟಿ, ಪಿತ್ತ, ಎದೆಯುರಿ ಎಲ್ಲವೂ ಒಂದೇ ಅಲ್ಲವೇ ಮೇಡಂ?

ಅಲ್ಲ. ಊಟದ ನಂತರ ಹೊಟ್ಟೆ ಉಬ್ಬುವುದು, ತೇಗು ಬರುವುದು, ಹೊಕ್ಕುಳ ಮೇಲೆ ನೋಯುವುದು, ಎದೆಯ ಮೂಳೆಯ ಹಿಂದೆ ಉರಿಯುವುದು, ಇವೆಲ್ಲಕ್ಕೂ ನಮ್ಮಲ್ಲಿ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರಿದೆ. ಈ ಬರಹದ ವಿಷಯ ಅವುಗಳಲ್ಲಿ ಒಂದು ಮಾತ್ರ: ಜಠರದಲ್ಲಿರಬೇಕಾದ ಆಮ್ಲ ಮತ್ತು ಆಹಾರ ಅನ್ನನಾಳಕ್ಕೆ ಮರಳಿ ಏರುವ ಕಾಯಿಲೆ. ಅನ್ನನಾಳ ಜಠರವನ್ನು ಸೇರುವ ಕಡೆ ಉಂಗುರದಂತಹ ಸ್ನಾಯುವೊಂದಿದೆ. ಕವಾಟ ಎನ್ನುವುದು ಇದನ್ನೇ. ಅದರ ಸುತ್ತ ಎದೆ ಮತ್ತು ಹೊಟ್ಟೆಯನ್ನು ಬೇರೆ ಮಾಡುವ ವಪೆಯ ಹಿಡಿತವಿದೆ. ನುಂಗಿದಾಗ ಸ್ನಾಯು ತೆರೆಯುತ್ತದೆ, ಉಳಿದ ಹೊತ್ತು ಮುಚ್ಚಿರುತ್ತದೆ. ಅದು ಬೇಡದ ಹೊತ್ತಿನಲ್ಲಿ ಸಡಿಲವಾದರೆ, ಇಲ್ಲವೇ ಜಠರದ ಮೇಲ್ಭಾಗ ವಪೆಯ ಕಿಂಡಿಯೊಳಗೆ ಜಾರಿದರೆ, ಆಮ್ಲ ಮೇಲೆ ಬರುತ್ತದೆ. ಆ ಜಾರುವಿಕೆಯನ್ನು ಹಯಾಟಸ್ ಹರ್ನಿಯಾ ಎನ್ನುತ್ತಾರೆ. ಬರೀ ಹೊಟ್ಟೆ ಉಬ್ಬರ ಇರುವವರಿಗೆ ಈ ಕವಾಟದ ಚಿಕಿತ್ಸೆಯಿಂದ ಏನೂ ಸಿಗುವುದಿಲ್ಲ. ಉಬ್ಬರ ಹೆಚ್ಚಾಗಲೂಬಹುದು.

ಎದೆ ಉರಿದರೆ ಅದು ಹೃದಯದ್ದೋ ಗ್ಯಾಸಿನದೋ ಎಂದು ಮನೆಯಲ್ಲೇ ಗೊತ್ತು ಮಾಡಿಕೊಳ್ಳುವುದು ಹೇಗೆ?

ಮನೆಯಲ್ಲಿ ಗೊತ್ತು ಮಾಡಿಕೊಳ್ಳಲು ಹೋಗಬೇಡಿ. ಎದೆ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ಬೆವರು, ಉಸಿರಾಟದ ಕಷ್ಟ ಅಥವಾ ತಲೆಸುತ್ತು ಜೊತೆಗಿದ್ದರೆ, ನಡೆದಾಗ ಹೆಚ್ಚಾಗಿ ನಿಂತಾಗ ಕಡಿಮೆಯಾದರೆ 108ಕ್ಕೆ ಕರೆ ಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ಬರೀ ಎದೆಯುರಿಯಂತೆಯೂ ಬರುತ್ತದೆ. ಸೋಡಾ ಕುಡಿದು, ಜೆಲುಸಿಲ್ ನುಂಗಿ, ಬೆಳಗಾಗಲಿ ನೋಡೋಣ ಎಂದು ಕಾದು ಜೀವ ಕಳೆದುಕೊಂಡವರಿದ್ದಾರೆ. ಎದೆನೋವು ಇರುವವರಿಗೆ ಕವಾಟದ ಮಾತು ಹೃದಯದ ಪರೀಕ್ಷೆ ಮುಗಿದ ಮೇಲೆ.

ಮಿರ್ಚಿ, ಕೆಂಪು ಚಟ್ನಿ ಪೂರ್ತಿ ಬಿಟ್ಟರೆ ವಾಸಿಯಾಗುತ್ತದೆಯೇ?

ಒಗ್ಗರಣೆ ಮಂಡಕ್ಕಿಯ ಜೊತೆ ಮಿರ್ಚಿ ಇಲ್ಲದ ಸಂಜೆಯನ್ನು ನಮ್ಮ ಕಡೆ ಊಹಿಸುವುದು ಕಷ್ಟ. ಖಾರ ಕವಾಟವನ್ನು ಕೆಡಿಸುವುದಿಲ್ಲ. ಈಗಾಗಲೇ ಕೆರಳಿರುವ ಅನ್ನನಾಳಕ್ಕೆ ಅದು ಉರಿ ಹೆಚ್ಚಿಸುತ್ತದೆ, ಅಷ್ಟೆ. ಮಿರ್ಚಿಯಲ್ಲಿ ಖಾರಕ್ಕಿಂತ ಎಣ್ಣೆ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಜಿಡ್ಡಿನ ಆಹಾರ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಎಲ್ಲರಿಗೂ ಒಂದೇ ಪಥ್ಯದ ಪಟ್ಟಿ ಕೊಡುವುದರಲ್ಲಿ ನನಗೆ ನಂಬಿಕೆಯಿಲ್ಲ. ನಿಮಗೆ ಯಾವುದು ಉರಿ ತರುತ್ತದೋ ಅದನ್ನು ಕಡಿಮೆ ಮಾಡಿ.

ಪಥ್ಯಕ್ಕಿಂತ ಗಟ್ಟಿಯಾಗಿ ಕೆಲಸ ಮಾಡುವ ಕ್ರಮಗಳು ಬೇರೆ ಇವೆ. ಹೆಚ್ಚಿರುವ ತೂಕ ಇಳಿಸುವುದು. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇಡುವುದು. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸುವುದು. ದಿಂಬಿನ ಮೇಲೆ ದಿಂಬು ಇಟ್ಟರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೊಟ್ಟೆಯ ಮೇಲೆ ಒತ್ತಡ ಹೆಚ್ಚುತ್ತದೆ. ಎಡ ಮಗ್ಗುಲಲ್ಲಿ ಮಲಗಿ. ಬೀಡಿ, ಸಿಗರೇಟು, ತಂಬಾಕು, ಗುಟ್ಕಾ ನಿಲ್ಲಿಸಿ. ಇದರಲ್ಲಿ ನನ್ನ ಕಡೆಯಿಂದ ಯಾವ ರಿಯಾಯಿತಿಯೂ ಇಲ್ಲ.

ಕಾರ್ಖಾನೆಯಲ್ಲಿ ಪಾಳಿ ಕೆಲಸ. ಬೆಳಗಿನ ಜಾವ ಬಂದು ಉಂಡು ಮಲಗುತ್ತೇನೆ. ನನಗೆ ಮೂರು ಗಂಟೆ ಎಲ್ಲಿಂದ ಬರಬೇಕು?

ತೋರಣಗಲ್ಲು, ಶಕ್ತಿನಗರ, ಹಟ್ಟಿಯಿಂದ ಬರುವವರೆಲ್ಲರ ಕಷ್ಟ ಇದೇ. ಮುಖ್ಯ ಊಟವನ್ನು ಪಾಳಿಯ ನಡುವಿನ ಬಿಡುವಿಗೆ ತನ್ನಿ. ಮನೆಗೆ ಬಂದ ಮೇಲೆ ಹಸಿವಾದರೆ ಒಂದು ಲೋಟ ಗಂಜಿ, ಒಂದು ಬಾಳೆಹಣ್ಣು ಸಾಕು. ನಿದ್ದೆ ತಡೆಯಲು ಮತ್ತೆ ಮತ್ತೆ ಕುಡಿಯುವ ಚಹಾ ಕಡಿಮೆ ಮಾಡಿ. ಆಮ್ಲ ತಗ್ಗಿಸುವ ಮಾತ್ರೆಯ ಹೊತ್ತನ್ನೂ ಗಡಿಯಾರಕ್ಕಲ್ಲ, ಪಾಳಿಯ ಊಟಕ್ಕೆ ಹೊಂದಿಸಿಕೊಳ್ಳಬೇಕು.

ಬಗ್ಗಿ ಭತ್ತ ನಾಟಿ ಮಾಡುವಾಗ ಬಾಯಿಗೆ ಹುಳಿ ನೀರು ಬರುತ್ತದೆ. ಮಾತ್ರೆಯಿಂದ ಉರಿ ಕಡಿಮೆಯಾಗಿದೆ, ನೀರು ಬರುವುದು ನಿಂತಿಲ್ಲ. ಯಾಕೆ ಅಕ್ಕಾ?

ಈ ಪ್ರಶ್ನೆ ಕೇಳಿದ ತಾಯಿ ರೋಗದ ಮೂಲವನ್ನೇ ಹಿಡಿದಿದ್ದಾರೆ. ಪ್ಯಾಂಟಾಪ್ರಜೋಲ್, ರಾಬೆಪ್ರಜೋಲ್, ಒಮೆಪ್ರಜೋಲ್ ಗುಂಪಿನ ಮಾತ್ರೆಗಳು ಜಠರದಲ್ಲಿ ಆಮ್ಲ ತಯಾರಾಗುವುದನ್ನು ತಗ್ಗಿಸುತ್ತವೆ. ಮೇಲೆ ಬರುವ ದ್ರವದ ಹುಳಿ ಕಡಿಮೆಯಾಗುತ್ತದೆ, ಆದ್ದರಿಂದ ಉರಿ ಇಳಿಯುತ್ತದೆ. ಆದರೆ ಸಡಿಲವಾದ ಕವಾಟವನ್ನು ಬಿಗಿ ಮಾಡುವ ಶಕ್ತಿ ಅವಕ್ಕಿಲ್ಲ. ಬಗ್ಗಿದಾಗ, ಭಾರ ಎತ್ತಿದಾಗ, ಮಲಗಿದಾಗ ದ್ರವ ಬರುತ್ತಲೇ ಇರುತ್ತದೆ. ತುಂಗಭದ್ರಾ ಕಾಲುವೆಯ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ದುಡಿಯುವವರಿಗೆ, ಹೊಲಿಗೆ ಯಂತ್ರದ ಮುಂದೆ ಮಡಚಿ ಕೂರುವ ಬಳ್ಳಾರಿಯ ಜೀನ್ಸ್ ಕೆಲಸಗಾರರಿಗೆ ಇದು ಸಣ್ಣ ತೊಂದರೆಯಲ್ಲ. ಕವಾಟದ ಮೇಲೆಯೇ ಕೆಲಸ ಮಾಡುವ ಚಿಕಿತ್ಸೆಗಳಿಗೆ ನಿಜವಾದ ಅರ್ಥ ಬರುವುದು ಇಲ್ಲಿ.

## ಮಾತ್ರೆಗಳ ಬಗ್ಗೆ

ಮಾತ್ರೆ ಕೆಲಸವನ್ನೇ ಮಾಡುತ್ತಿಲ್ಲ. ಇನ್ನು ಆಪರೇಷನ್ನೇ ಗತಿಯೇ?

ಮೊದಲು ನಾನು ಕೇಳುವುದು: ಯಾವಾಗ ನುಂಗುತ್ತೀರಿ? ಊಟವಾದ ಮೇಲೆ ಅಥವಾ ಮಲಗುವಾಗ ಎಂಬ ಉತ್ತರವೇ ಹೆಚ್ಚು. ಈ ಮಾತ್ರೆಯನ್ನು ಊಟಕ್ಕೆ 30ರಿಂದ 60 ನಿಮಿಷ ಮೊದಲು ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಊಟ ಶುರುವಾದಾಗ ಆಮ್ಲದ ಪಂಪುಗಳು ಚುರುಕಾಗುತ್ತವೆ, ಆಗ ಔಷಧಿ ರಕ್ತದಲ್ಲಿ ಸಿದ್ಧವಿರಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಹೊಟ್ಟೆ ಸುಡುತ್ತವೆ. ಅವುಗಳ ಲೆಕ್ಕವನ್ನು ವೈದ್ಯರಿಗೆ ಕೊಡಿ. ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಎಂಟು ವಾರ ತೆಗೆದುಕೊಂಡರೂ ಪ್ರಯೋಜನವಾಗದಿದ್ದರೆ ಮುಂದಿನ ಹೆಜ್ಜೆ ಪರೀಕ್ಷೆ. ಆಪರೇಷನ್ ಅಲ್ಲ. ಮಾತ್ರೆಗೆ ಒಂದಿಷ್ಟೂ ಜಗ್ಗದ ಎದೆಯುರಿ ಅನೇಕ ಸಲ ಆಮ್ಲದ ಕಾಯಿಲೆಯೇ ಆಗಿರುವುದಿಲ್ಲ.

ಐದು ವರ್ಷದಿಂದ ಈ ಮಾತ್ರೆ ತಿನ್ನುತ್ತಿದ್ದೇನೆ. ಕಿಡ್ನಿ ಹೋಗುತ್ತದೆ, ಮೂಳೆ ಸವೆಯುತ್ತದೆ ಎನ್ನುತ್ತಾರೆ. ಈ ಭಯಕ್ಕೇ ಎಂಡೊಸ್ಕೋಪಿ ಚಿಕಿತ್ಸೆ ಮಾಡಿಸಿಕೊಳ್ಳಲೇ?

ಭಯ ಒಂದೇ ಕಾರಣವಾದರೆ ಬೇಡ. ಕಿಡ್ನಿ, ಮೂಳೆ, ಬಿ12 ಕೊರತೆಯ ನಂಟನ್ನು ತೋರಿಸಿದ ಅಧ್ಯಯನಗಳಲ್ಲಿ ಹೆಚ್ಚಿನವು ದಾಖಲೆಗಳನ್ನು ಹಿಂದಿನಿಂದ ನೋಡಿದವು. ಮಾತ್ರೆ ತಿನ್ನುವವರಿಗೆ ಬೇರೆ ಕಾಯಿಲೆಗಳೂ ಹೆಚ್ಚಿರುವುದರಿಂದ ಅವುಗಳಿಂದ ಕಾರಣ ಖಚಿತವಾಗುವುದಿಲ್ಲ. 17,000ಕ್ಕೂ ಹೆಚ್ಚು ಜನರಲ್ಲಿ ಪ್ಯಾಂಟಾಪ್ರಜೋಲನ್ನು ಔಷಧಿಯಿಲ್ಲದ ಹುಸಿ ಮಾತ್ರೆಯೊಂದಿಗೆ ಸುಮಾರು ಮೂರು ವರ್ಷ ಹೋಲಿಸಿ ನೋಡಿದ, 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸ್ವಲ್ಪ ಹೆಚ್ಚಾಗಿ ಕಂಡದ್ದು ಕರುಳಿನ ಸೋಂಕು ಮಾತ್ರ. ಕಾರಣವಿದ್ದು, ಬೇಕಾದಷ್ಟೇ ಪ್ರಮಾಣದಲ್ಲಿ ತೆಗೆದುಕೊಂಡರೆ ಇದು ಸುರಕ್ಷಿತ ಔಷಧಿ. ಕಾರಣವೇ ಇಲ್ಲದೆ ವರ್ಷಗಟ್ಟಲೆ ನುಂಗುವುದು ತಪ್ಪು. ನಮ್ಮ ಕಡೆ ಡೊಂಪೆರಿಡೋನ್ ಸೇರಿದ ಜೋಡಿ ಮಾತ್ರೆಯನ್ನು ಚೀಟಿಯಿಲ್ಲದೆ ತಂದು ತಿನ್ನುತ್ತಾರೆ. ಡೊಂಪೆರಿಡೋನ್ ಕೆಲವರಲ್ಲಿ ಹೃದಯದ ಬಡಿತದ ಲಯ ಕೆಡಿಸಬಹುದು. ಅದನ್ನು ವೈದ್ಯರನ್ನು ಕೇಳದೆ ಮುಂದುವರಿಸಬೇಡಿ.

ಮಾತ್ರೆ ಬಿಟ್ಟ ನಾಲ್ಕೇ ದಿನಕ್ಕೆ ಮೊದಲಿಗಿಂತ ಜೋರು ಉರಿ. ಚಟವಾಗಿಬಿಟ್ಟಿದೆಯೇ?

ಚಟವಲ್ಲ. ತಿಂಗಳುಗಟ್ಟಲೆ ತಡೆದಿಟ್ಟ ಆಮ್ಲ, ತಡೆ ತೆಗೆದೊಡನೆ ಕೆಲವು ವಾರ ಮೊದಲಿಗಿಂತ ಹೆಚ್ಚು ಉತ್ಪತ್ತಿಯಾಗುತ್ತದೆ. ಪ್ರಮಾಣವನ್ನು ಹಂತಹಂತವಾಗಿ ಇಳಿಸಿ, ನಡುವೆ ಫ್ಯಾಮೊಟಿಡಿನ್ ಅಥವಾ ಆಂಟಾಸಿಡ್ ನೆರವು ಪಡೆದು ನಿಲ್ಲಿಸಬಹುದು. ಆದರೆ ಎಂಡೊಸ್ಕೋಪಿಯಲ್ಲಿ ಅನ್ನನಾಳದ ದೊಡ್ಡ ಹುಣ್ಣುಗಳು ಅಥವಾ ಬ್ಯಾರೆಟ್ ಬದಲಾವಣೆ (ಆಮ್ಲ ತಾಗಿ ಅನ್ನನಾಳದ ಒಳಪದರ ಬದಲಾಗಿರುವುದು) ಕಂಡಿರುವವರು ಮಾತ್ರೆ ನಿಲ್ಲಿಸಬಾರದು.

## ಪರೀಕ್ಷೆಗಳ ಬಗ್ಗೆ

ಎಂಡೊಸ್ಕೋಪಿ ನಾರ್ಮಲ್ ಬಂದಿದೆ. ಹಾಗಾದರೆ ರೋಗವೇ ಇಲ್ಲವೇ?

ಎದೆಯುರಿ ಇರುವ ಬಹಳಷ್ಟು ಜನರಿಗೆ ಎಂಡೊಸ್ಕೋಪಿ ನಾರ್ಮಲ್ಲೇ ಬರುತ್ತದೆ. ಮಾತ್ರೆ ತಿನ್ನುತ್ತಲೇ ಮಾಡಿಸಿದ್ದರೆ ಹುಣ್ಣು ಮಾಗಿರುವ ಸಾಧ್ಯತೆ ಇನ್ನೂ ಹೆಚ್ಚು. ಅನುಮಾನ ಉಳಿದರೆ ಬೇಕಾದದ್ದು ಪಿಎಚ್ ಪರೀಕ್ಷೆ. ಮೂಗಿನ ಮೂಲಕ ತೆಳ್ಳನೆಯ ತಂತಿಯೊಂದನ್ನು ಅನ್ನನಾಳಕ್ಕೆ ಇಳಿಸಿ, ಸೊಂಟಕ್ಕೆ ಕಟ್ಟಿದ ಸಣ್ಣ ಯಂತ್ರದಲ್ಲಿ 24 ಗಂಟೆಯ ಆಮ್ಲದ ಏರಿಳಿತವನ್ನು ದಾಖಲಿಸುತ್ತಾರೆ. ದಿನದ ಒಟ್ಟು ಹೊತ್ತಿನಲ್ಲಿ ಅನ್ನನಾಳ ಆಮ್ಲದಲ್ಲಿ ನೆನೆದ ಪಾಲು ಶೇ 4ಕ್ಕಿಂತ ಕಡಿಮೆಯಾದರೆ ಸಹಜ, ಶೇ 6ಕ್ಕಿಂತ ಹೆಚ್ಚಾದರೆ ರೋಗ ಖಚಿತ. ನಡುವಿನದ್ದಕ್ಕೆ ಬೇರೆ ಸಾಕ್ಷ್ಯ ಬೇಕು. ರೋಗ ಇದೆಯೋ ಇಲ್ಲವೋ ತಿಳಿಯಲು ಮಾಡುವುದಾದರೆ ಒಂದು ವಾರ ಮೊದಲೇ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಆ ದಿನ ನೀವು ದಿನಾ ಉಣ್ಣುವ ರೊಟ್ಟಿ, ಪಲ್ಯ, ಚಟ್ನಿಯನ್ನೇ ಉಣ್ಣಿ, ಎಂದಿನ ಕೆಲಸವನ್ನೇ ಮಾಡಿ. ಪಥ್ಯ ಮಾಡಿ ಮಲಗಿದರೆ ಯಂತ್ರ ನಿಮ್ಮ ನಿಜವಾದ ದಿನವನ್ನು ನೋಡುವುದಿಲ್ಲ.

ವರದಿಯಲ್ಲಿ ‘ಎಲ್‌ಎ ಗ್ರೇಡ್ ಬಿ’, ‘ಹಿಲ್ ಗ್ರೇಡ್ 2’ ಎಂದು ಬರೆದಿದೆ. ಇದು ಎಷ್ಟನೇ ಸ್ಟೇಜ್?

ಕ್ಯಾನ್ಸರ್‌ನ ಸ್ಟೇಜ್ ಅಲ್ಲ, ಹೆದರಬೇಡಿ. ಎಲ್‌ಎ ಎಂದರೆ ಲಾಸ್ ಏಂಜಲೀಸ್ ವರ್ಗೀಕರಣ. ಆಮ್ಲದಿಂದ ಅನ್ನನಾಳದಲ್ಲಾದ ಗೀರುಗಳನ್ನು ಅದು ಎ, ಬಿ, ಸಿ, ಡಿ ಎಂದು ಅಳೆಯುತ್ತದೆ. ಎ ಹಗುರ, ಡಿ ತೀವ್ರ. ಹಿಲ್ ಗ್ರೇಡ್ ಹೇಳುವುದು ಕವಾಟದ ಸ್ಥಿತಿಯನ್ನು. 1 ಎಂದರೆ ಗಟ್ಟಿ, 4 ಎಂದರೆ ಪೂರ್ತಿ ತೆರೆದ ಬಾಗಿಲು, ಜೊತೆಗೆ ಹರ್ನಿಯಾ. ಈ ಎರಡರ ಜೊತೆ ಹರ್ನಿಯಾದ ಉದ್ದ ಎಷ್ಟು ಸೆಂಟಿಮೀಟರ್ ಎಂಬುದೂ ವರದಿಯಲ್ಲಿರಬೇಕು. ಇರದಿದ್ದರೆ ಕೇಳಿ ಬರೆಸಿಕೊಳ್ಳಿ. ‘ಗ್ಯಾಸ್ಟ್ರೈಟಿಸ್’ ಎಂದಷ್ಟೇ ಬರೆದ ಒಂದು ಸಾಲಿನ ವರದಿಯಿಂದ ಈ ಚಿಕಿತ್ಸೆ ನಿರ್ಧರಿಸಲಾಗದು.

ಇನ್ನೊಂದು ಪರೀಕ್ಷೆಗೆ ದೊಡ್ಡ ಊರಿಗೆ ಕಳುಹಿಸಿದ್ದಾರೆ. ಮ್ಯಾನೊಮೆಟ್ರಿ ಅಂತೆ. ಅದೂ ಬೇಕೇ?

ಬೇಕು. ಅನ್ನನಾಳ ಆಹಾರವನ್ನು ಎಷ್ಟು ಬಲದಿಂದ ತಳ್ಳುತ್ತದೆ, ಕೆಳಗಿನ ಸ್ನಾಯು ಸರಿಯಾಗಿ ತೆರೆಯುತ್ತದೆಯೇ ಎಂಬುದನ್ನು ಅದು ತೋರಿಸುತ್ತದೆ. ಅಕಲೇಸಿಯಾ ಎಂಬ ಕಾಯಿಲೆಯಲ್ಲಿ ಸ್ನಾಯು ತೆರೆಯುವುದೇ ಇಲ್ಲ, ಉಂಡದ್ದು ಮೇಲೇ ನಿಂತು ಹಿಂದಕ್ಕೆ ಬರುತ್ತದೆ. ರೋಗಿ ಅದನ್ನೂ ಹುಳಿ ತೇಗು ಎಂದೇ ಹೇಳುತ್ತಾರೆ. ಅಂಥವರ ಕವಾಟವನ್ನು ಇನ್ನಷ್ಟು ಬಿಗಿ ಮಾಡಿದರೆ ದೊಡ್ಡ ಅನಾಹುತ. ಈ ಪರೀಕ್ಷೆಗಳಿಗಾಗಿ ರಾಯಚೂರಿನವರಿಗೆ ಹೈದರಾಬಾದ್, ಕೊಪ್ಪಳದವರಿಗೆ ಹುಬ್ಬಳ್ಳಿ, ಬಳ್ಳಾರಿಯವರಿಗೆ ಬೆಂಗಳೂರಿನ ದಾರಿ ರೂಢಿಯಲ್ಲಿದೆ. ಹೊರಡುವ ಮೊದಲು ಫೋನ್ ಮಾಡಿ ಮ್ಯಾನೊಮೆಟ್ರಿ ಮತ್ತು ಪಿಎಚ್ ಪರೀಕ್ಷೆ ಎರಡಕ್ಕೂ ಒಟ್ಟಿಗೇ ದಿನ ಗೊತ್ತುಮಾಡಿಕೊಳ್ಳಿ. ತಂತಿ ತೆಗೆಸಲು ಮರುದಿನ ಮತ್ತೆ ಹೋಗಬೇಕಾದ್ದರಿಂದ ಒಂದು ರಾತ್ರಿ ತಂಗುವ ತಯಾರಿ ಇರಲಿ. ಈ ಖರ್ಚು, ಓಡಾಟ ದಣಿಸುತ್ತದೆ ಎಂಬುದು ನನಗೆ ಗೊತ್ತು. ಆದರೂ ಇದನ್ನು ತಪ್ಪಿಸಿ ನೇರವಾಗಿ ಚಿಕಿತ್ಸೆಗೆ ದಿನಾಂಕ ಕೊಡುವ ಕಡೆಯಿಂದ ಎದ್ದು ಬನ್ನಿ ಎಂದೇ ನನ್ನ ಸಲಹೆ.

## ಚಿಕಿತ್ಸೆಯ ಬಗ್ಗೆ

ಲೇಸರ್ ಬಿಟ್ಟು ಕವಾಟ ಬಿಗಿ ಮಾಡುತ್ತಾರಂತೆ ಸತ್ಯವೇ? ಒಳಗೆ ಏನು ಮಾಡುತ್ತಾರೆ?

ಲೇಸರ್ ಅಲ್ಲ. ಬಾಯಿಯ ಮೂಲಕ ಎಂಡೊಸ್ಕೋಪ್ ಇಳಿಸಿ, ಹೊಟ್ಟೆಯ ಮೇಲೆ ಒಂದು ಗಾಯವೂ ಇಲ್ಲದೆ ಮಾಡುವ ಹಲವು ವಿಧಾನಗಳಿವೆ. ಅವೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ.

ಹೆಚ್ಚು ಅಧ್ಯಯನವಾಗಿರುವುದು ಟಿಐಎಫ್, ಅಂದರೆ ಹೊರಗೆ ಗಾಯವಿಲ್ಲದೆ ಬಾಯಿಯ ಮೂಲಕ ಜಠರವನ್ನು ಮಡಿಸುವ ವಿಧಾನ. ಅಮೆರಿಕದಲ್ಲಿ ಇದರ ಉಪಕರಣಕ್ಕೆ 2007ರಲ್ಲಿ ಅನುಮತಿ ಸಿಕ್ಕಿತು. ಜಠರದ ಮೇಲ್ಭಾಗವನ್ನು ಒಳಗಿನಿಂದಲೇ ಎಳೆದು, ಅನ್ನನಾಳದ ತುದಿಯ ಸುತ್ತ ಮಡಿಸಿ, ಕರಗದ ಪಾಲಿಪ್ರೊಪಿಲೀನ್ ಗುಂಡಿಗಳಿಂದ ಬಿಗಿಯುತ್ತಾರೆ. ಎರಡು ಮೂರು ಸೆಂಟಿಮೀಟರ್ ಉದ್ದದ, ಮುಕ್ಕಾಲು ಸುತ್ತು ಆವರಿಸುವ ಹೊಸ ಕವಾಟ ಹಾಗೆ ಮೂಡುತ್ತದೆ. ಪೂರ್ತಿ ಅರಿವಳಿಕೆ ಬೇಕು. ಸಾಮಾನ್ಯವಾಗಿ ಒಂದು ಗಂಟೆಯ ಕೆಲಸ, ಒಂದು ರಾತ್ರಿ ಆಸ್ಪತ್ರೆ.

ಎರಡನೆಯದು ಜರ್ಡ್-ಎಕ್ಸ್. ಕವಾಟದ ಪಕ್ಕದ ಜಠರದ ಗೋಡೆಯನ್ನು ಪೂರ್ತಿ ದಪ್ಪಕ್ಕೆ ಹಿಡಿದು ಮಡಿಸಿ ಹೊಲಿಗೆ ಹಾಕುವ ವಿಧಾನ ಇದು. ಇದರ ಒಂದು ಮುಖ್ಯ ಪ್ರಯೋಗ ನಮಗೆ ಹತ್ತಿರದ ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಲ್ಲೇ ನಡೆದು 2022ರಲ್ಲಿ ಪ್ರಕಟವಾಯಿತು.

ಮೂರನೆಯದು ಜಪಾನಿನ ವೈದ್ಯ ಹರುಹಿರೊ ಇನೊವೆ ರೂಪಿಸಿದ ಆರ್ಮ್ಸ್. ಕವಾಟದ ಸುತ್ತಲಿನ ಒಳಪದರವನ್ನು ಅರ್ಧಚಂದ್ರಾಕಾರದಲ್ಲಿ ತೆಗೆಯುತ್ತಾರೆ. ಗಾಯ ಮಾಗುತ್ತಾ ಕಲೆ ಕುಗ್ಗಿದಾಗ, ಚೀಲದ ಬಾಯಿಯ ಲಾಡಿ ಎಳೆದಂತೆ ದಾರಿ ಕಿರಿದಾಗುತ್ತದೆ. ತೆಗೆಯುವ ಬದಲು ಸುಡುವ ರೂಪವನ್ನು ಆರ್ಮಾ ಎನ್ನುತ್ತಾರೆ. ಇವಕ್ಕೆ ದುಬಾರಿ ವಿಶೇಷ ಉಪಕರಣ ಬೇಡ, ಸಾಮಾನ್ಯ ಎಂಡೊಸ್ಕೋಪಿ ಸಲಕರಣೆ ಸಾಕು.

ನಾಲ್ಕನೆಯದು ಸ್ಟ್ರೆಟ್ಟಾ. ಜನ ಲೇಸರ್ ಎನ್ನುವುದು ಬಹುಶಃ ಇದನ್ನೇ. ಸೂಜಿಗಳ ಮೂಲಕ ಸ್ನಾಯುವಿಗೆ ರೇಡಿಯೊ ತರಂಗದ ಶಾಖ ಕೊಡುತ್ತಾರೆ. 2000ದಿಂದ ಬಳಕೆಯಲ್ಲಿದೆ. ಆದರೆ ಪ್ರಯೋಗಗಳ ಫಲ ಒಂದೇ ರೀತಿ ಬಂದಿಲ್ಲ, ಅಮೆರಿಕದ ಜಠರತಜ್ಞರ ಸಂಘದ 2022ರ ಮಾರ್ಗಸೂಚಿ ಇದನ್ನು ಬೇಡವೆಂದಿದೆ. ನಾನೂ ಇದಕ್ಕಾಗಿ ಯಾರನ್ನೂ ಕಳುಹಿಸುವುದಿಲ್ಲ.

ನನಗೆ ಆಗುತ್ತದೆಯೇ ಇಲ್ಲವೇ, ಒಂದೇ ಮಾತಿನಲ್ಲಿ ಹೇಳಿ ಡಾಕ್ಟರೇ.

ಒಂದೇ ಮಾತಿನಲ್ಲಿ ಆಗುವುದಿಲ್ಲ, ಆದರೂ ಚಿಕ್ಕದಾಗಿ ಹೇಳುತ್ತೇನೆ. ರೋಗ ಪರೀಕ್ಷೆಯಿಂದ ಖಚಿತವಾಗಿರಬೇಕು. ಹರ್ನಿಯಾ ಇರಬಾರದು, ಇದ್ದರೂ 2 ಸೆಂಟಿಮೀಟರ್ ಮೀರಬಾರದು. ಅನ್ನನಾಳದ ಹುಣ್ಣು ಸಿ ಅಥವಾ ಡಿ ಗ್ರೇಡಿನದಾಗಿರಬಾರದು. ನುಂಗುವ ಶಕ್ತಿ ಚೆನ್ನಾಗಿರಬೇಕು. ಮಾತ್ರೆಯಿಂದ ಸ್ವಲ್ಪವಾದರೂ ಗುಣ ಕಂಡು, ಬಾಯಿಗೆ ನೀರು ಬರುವುದು ಉಳಿದಿರುವವರು ಅಥವಾ ಜೀವಮಾನವಿಡೀ ಮಾತ್ರೆ ಬೇಡ, ದೊಡ್ಡ ಶಸ್ತ್ರಚಿಕಿತ್ಸೆಯೂ ಬೇಡ ಎನ್ನುವವರು ಇದಕ್ಕೆ ತಕ್ಕವರು. ಗರ್ಭಿಣಿಯರು ಹೆರಿಗೆಯವರೆಗೆ ಕಾಯಬೇಕು, ಅವರ ಎದೆಯುರಿ ಬಹುಪಾಲು ಹೆರಿಗೆಯೊಂದಿಗೆ ಹೋಗುತ್ತದೆ. ನುಂಗುವಾಗ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಕಪ್ಪು ಮಲ, ರಕ್ತಹೀನತೆ ಇದ್ದರೆ ಮೊದಲು ಕ್ಯಾನ್ಸರ್ ಮತ್ತು ಅಲ್ಸರ್ ಇಲ್ಲವೆಂದು ತಿಳಿಯಬೇಕು.

ಮಾಡಿಸಿಕೊಂಡರೆ ಮಾತ್ರೆ ಪೂರ್ತಿ ನಿಲ್ಲುತ್ತದೆಯೇ?

ಕೆಲವರಿಗೆ ನಿಲ್ಲುತ್ತದೆ, ಎಲ್ಲರಿಗೂ ಅಲ್ಲ. ಟಿಐಎಫ್ ಅನ್ನು ಒಮೆಪ್ರಜೋಲ್ ಜೊತೆ ಹೋಲಿಸಿದ 2015ರ ಪ್ರಯೋಗದಲ್ಲಿ, ಕಾಡುವ ಹುಳಿ ನೀರು ನಿಂತದ್ದು ಚಿಕಿತ್ಸೆ ಪಡೆದ 100ರಲ್ಲಿ 67 ಜನರಿಗೆ, ಹುಸಿ ಚಿಕಿತ್ಸೆಯ ಜೊತೆ ಮಾತ್ರೆ ಪಡೆದ 100ರಲ್ಲಿ 45 ಜನರಿಗೆ. ಹೈದರಾಬಾದಿನ ಪ್ರಯೋಗದಲ್ಲಿ 70 ರೋಗಿಗಳಿದ್ದರು, ಅರ್ಧದಷ್ಟು ಜನರಿಗೆ ಬರೀ ಎಂಡೊಸ್ಕೋಪಿ ಮಾಡಿ ಎಬ್ಬಿಸಿದ್ದರು. ಮೂರು ತಿಂಗಳಿಗೆ ತೊಂದರೆ ಅರ್ಧಕ್ಕಿಂತ ಇಳಿದದ್ದು ನಿಜವಾದ ಚಿಕಿತ್ಸೆಯ ಗುಂಪಿನ ಶೇ 65.7 ಜನರಲ್ಲಿ, ಹುಸಿ ಚಿಕಿತ್ಸೆಯ ಗುಂಪಿನ ಶೇ 2.9 ಜನರಲ್ಲಿ. ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ. ಆದರೂ ಮೂರರಲ್ಲಿ ಒಬ್ಬರಿಗೆ ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ವರ್ಷಗಳು ಕಳೆದಂತೆ ಒಂದಷ್ಟು ಜನ ಮಾತ್ರೆಗೆ, ಹೆಚ್ಚಾಗಿ ಕಡಿಮೆ ಪ್ರಮಾಣಕ್ಕೆ, ಮರಳುತ್ತಾರೆ. ‘ಒಮ್ಮೆ ಮಾಡಿಸಿದರೆ ಜನ್ಮಕ್ಕೆ ಮುಗಿಯಿತು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಗಾಯವೇ ಇಲ್ಲ ಎಂದ ಮೇಲೆ ಅಪಾಯವೂ ಇಲ್ಲ ತಾನೇ?

ಹೊರಗೆ ಗಾಯವಿಲ್ಲ, ಒಳಗಿದೆ. ಗಂಟಲು ನೋವು, ಎದೆ ಮತ್ತು ಭುಜದ ನೋವು, ಉಬ್ಬರ ಕೆಲವು ದಿನ ಸಾಮಾನ್ಯ. ಟಿಐಎಫ್‌ನಲ್ಲಿ ಅನ್ನನಾಳ ತೂತಾಗುವುದು, ರಕ್ತಸ್ರಾವ, ಎದೆಗೂಡಿನಲ್ಲಿ ಗಾಳಿ ಅಥವಾ ಕೀವು ಸೇರುವುದು ಮುಂತಾದ ಗಂಭೀರ ತೊಂದರೆಗಳು 100ರಲ್ಲಿ ಎರಡು ಮೂರು ಜನರಿಗೆ ಆಗುತ್ತವೆ. ಆರ್ಮ್ಸ್ ನಂತರ ದಾರಿ ತೀರಾ ಕಿರಿದಾಗಿ ನುಂಗಲು ಕಷ್ಟವಾದರೆ ಬಲೂನಿನಿಂದ ಹಿಗ್ಗಿಸಬೇಕಾಗುತ್ತದೆ. ತೂತಾದರೆ ತಕ್ಷಣ ಸರಿಪಡಿಸಬಲ್ಲ ಶಸ್ತ್ರವೈದ್ಯರು ಅದೇ ಆಸ್ಪತ್ರೆಯಲ್ಲಿರಬೇಕು. ‘ಇಂಥ ಚಿಕಿತ್ಸೆಯನ್ನು ಈವರೆಗೆ ಎಷ್ಟು ಜನರಿಗೆ ಮಾಡಿದ್ದೀರಿ, ಅವರು ಈಗ ಹೇಗಿದ್ದಾರೆ?’ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಆದ ಮೇಲೆ ಜೋಳದ ರೊಟ್ಟಿ ಎಂದಿನಿಂದ? ಹೊಲಕ್ಕೆ ಎಂದಿನಿಂದ?

ಆಸ್ಪತ್ರೆ ಕೊಟ್ಟ ಪಟ್ಟಿಯೇ ಅಂತಿಮ. ಟಿಐಎಫ್ ನಂತರದ ಸಾಮಾನ್ಯ ಕ್ರಮ ಹೀಗಿದೆ. ಮೊದಲ ಎರಡು ವಾರ ದ್ರವಾಹಾರ: ಸೋಸಿದ ಗಂಜಿ, ತೆಳು ಬೇಳೆಕಟ್ಟು, ಮಜ್ಜಿಗೆ, ರಾಗಿ ಅಂಬಲಿ. ಆರನೇ ವಾರದವರೆಗೆ ಮೆತ್ತನೆಯದು: ಮೆದು ಅನ್ನ, ಹಿಸುಕಿದ ಬಾಳೆಹಣ್ಣು, ನೆನೆಸಿದ ಇಡ್ಲಿ. ಖಡಕ್ ರೊಟ್ಟಿ ಕೊನೆಗೆ. ಅದರ ಚೂಪಾದ ಚೂರುಗಳು ಹೊಸ ಮಡಿಕೆಗೆ ಒಳ್ಳೆಯದಲ್ಲ. ಬಿಸಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮೊದಲು ತಿನ್ನಿ. ಗ್ಯಾಸ್ ತುಂಬಿದ ಸೋಡಾ ಬೇಡ.

ಆರು ವಾರ ಚೀಲ ಎತ್ತುವುದು, ಕೊಡ ಹೊರುವುದು, ನೀರು ಸೇದುವುದು, ಔಷಧಿ ಸಿಂಪಡಿಸುವ ಕ್ಯಾನು ಬೆನ್ನಿಗೇರಿಸುವುದು ನಿಲ್ಲಬೇಕು. ವಾಂತಿ ಮತ್ತು ಜೋರು ಕೆಮ್ಮು ಹೊಲಿಗೆಯನ್ನು ಕೀಳಬಲ್ಲವು, ಆದ್ದರಿಂದ ವಾಕರಿಕೆಯ ಔಷಧಿಯನ್ನು ತಪ್ಪದೆ ತೆಗೆದುಕೊಳ್ಳಿ. ನಾಟಿ ಅಥವಾ ಕೊಯ್ಲಿನ ಹಂಗಾಮಿನಲ್ಲಿ ದಿನ ಗೊತ್ತುಮಾಡಬೇಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೊಟ್ಟೆಯ ಮೇಲೆ ಹೊಲಿಗೆ ಕಾಣದಿದ್ದರೆ ಮೂರನೇ ದಿನಕ್ಕೇ ಕೊಡ ಕೈಗೆ ಬರುತ್ತದೆ. ದೂರದ ಊರಿನಲ್ಲಿ ಮಾಡಿಸಿದ್ದರೆ ಮೊದಲ ಕೆಲವು ದಿನ ಅಲ್ಲೇ ಉಳಿಯಿರಿ. ಜ್ವರ, ಹೆಚ್ಚುತ್ತಿರುವ ಎದೆನೋವು, ಉಸಿರಾಟದ ಕಷ್ಟ, ಉಗುಳೂ ನುಂಗಲಾಗದ ಸ್ಥಿತಿ ಬಂದರೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ಬಿಪಿಎಲ್ ಕಾರ್ಡಿನಲ್ಲಿ ಆಗುತ್ತದೆಯೇ?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ. ಚಿಕಿತ್ಸೆಯ ಹೆಸರನ್ನು ವೈದ್ಯರಿಂದ ಬರೆಸಿಕೊಂಡು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಹೋಗಿ, ಆ ಹೆಸರಿನಲ್ಲೇ ಮಂಜೂರಾತಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಖಾಸಗಿ ವಿಮೆ ಇದ್ದವರು ಮುಂಗಡ ಅನುಮೋದನೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಟಿಐಎಫ್, ಜರ್ಡ್-ಎಕ್ಸ್‌ಗಳಲ್ಲಿ ಒಮ್ಮೆ ಮಾತ್ರ ಬಳಸುವ ಸಾಮಗ್ರಿಯ ಬೆಲೆಯೇ ಬಿಲ್ಲಿನ ದೊಡ್ಡ ಪಾಲು. ಅಂದಾಜು ಪಟ್ಟಿಯಲ್ಲಿ ಅದು ಸೇರಿದೆಯೇ ನೋಡಿ. ಈ ಚಿಕಿತ್ಸೆ ತುರ್ತಿನದಲ್ಲ. ಇದಕ್ಕಾಗಿ ಹೊಲ ಅಡ ಇಡುವುದು, ಬಡ್ಡಿ ಸಾಲ ಮಾಡುವುದು ಬೇಡ. ಮಾತ್ರೆಯ ಮೇಲೆ ಒಂದು ವರ್ಷ ಕಾದರೂ ಇದಕ್ಕೆ ತಕ್ಕ ರೋಗಿಗೆ ಹಾನಿಯಾಗುವುದಿಲ್ಲ.

## ಇನ್ನೂ ಆಳದ ಪ್ರಶ್ನೆಗಳು

ಹರ್ನಿಯಾ 4 ಸೆಂಟಿಮೀಟರ್ ಇದೆ. ಬಾಯಿಯಿಂದಲೇ ಮಾಡಲು ಆಗುವುದಿಲ್ಲವೇ?

ಬಾಯಿಯಿಂದ ಮಾತ್ರ ಆಗುವುದಿಲ್ಲ. ವಪೆಯ ಕಿಂಡಿಯೇ ಅಗಲವಾಗಿರುವಾಗ ಒಳಗಿನಿಂದ ಎಷ್ಟು ಮಡಿಸಿದರೂ ಮಡಿಕೆ ಎದೆಯೊಳಗೆ ಜಾರುತ್ತದೆ. ಅಂಥವರಿಗೆ ಲ್ಯಾಪರೊಸ್ಕೋಪಿಯಿಂದ (ಹೊಟ್ಟೆಯ ಮೇಲೆ ಸಣ್ಣ ತೂತು ಮಾಡಿ ನಡೆಸುವ ಶಸ್ತ್ರಚಿಕಿತ್ಸೆ) ಕಿಂಡಿ ಹೊಲಿದು, ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತುವ ಫಂಡೊಪ್ಲಿಕೇಶನ್ ಸರಿಯಾದ ದಾರಿ. ರುಡಾಲ್ಫ್ ನಿಸ್ಸೆನ್ 1956ರಲ್ಲಿ ವಿವರಿಸಿದ ಈ ಶಸ್ತ್ರಚಿಕಿತ್ಸೆ ಕಾಲದ ಪರೀಕ್ಷೆಯಲ್ಲಿ ಗೆದ್ದಿದೆ. ತೀವ್ರ ರೋಗಕ್ಕೆ ಅದರಷ್ಟು ಬಲವಾದ ತಡೆ ಎಂಡೊಸ್ಕೋಪಿ ವಿಧಾನಗಳಲ್ಲಿಲ್ಲ. ತೇಗು ಬಾರದಿರುವುದು, ಹೊಟ್ಟೆ ಉಬ್ಬುವುದು, ನುಂಗಲು ತಡೆಯಾಗುವುದು ಅದರ ಬೆಲೆ. ಕೆಲವು ಕೇಂದ್ರಗಳಲ್ಲಿ ಕಿಂಡಿಯನ್ನು ಲ್ಯಾಪರೊಸ್ಕೋಪಿಯಿಂದ ಹೊಲಿದು, ಅದೇ ಅರಿವಳಿಕೆಯಲ್ಲಿ ಟಿಐಎಫ್ ಮಾಡುವ ಜೋಡಿ ವಿಧಾನವೂ ಇದೆ.

ತೂಕ 105 ಕಿಲೋ ಇದ್ದೇನೆ. ಮೊದಲು ಯಾವುದು ಮಾಡಿಸಲಿ?

ಹೊಟ್ಟೆಯ ಕೊಬ್ಬಿನ ಒತ್ತಡ ಹಾಗೇ ಇರುವಾಗ ಕವಾಟ ಬಿಗಿ ಮಾಡಿದರೆ ಬೇಗ ಸಡಿಲವಾಗುತ್ತದೆ. ಮೊದಲು ತೂಕ. ಬೊಜ್ಜಿಗೆ ಶಸ್ತ್ರಚಿಕಿತ್ಸೆ ಬೇಕೇ ಬೇಕು ಎನ್ನುವ ಸ್ಥಿತಿಯಿದ್ದರೆ, ಎದೆಯುರಿ ಇರುವವರಿಗೆ ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಹೊಸ ದಾರಿ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಒಳ್ಳೆಯದು. ಜಠರವನ್ನು ಕೊಳವೆಯಂತೆ ಕತ್ತರಿಸುವ ಸ್ಲೀವ್ ವಿಧಾನ ಎದೆಯುರಿಯನ್ನು ಹೆಚ್ಚಿಸಬಹುದು.

ಗಣಿ ಧೂಳಿನ ಊರು ನಮ್ಮದು. ಒಣಕೆಮ್ಮು, ಗಂಟಲು ಕೆರೆತ ಆಸಿಡ್‌ನಿಂದ ಎಂದಿದ್ದಾರೆ. ಈ ಚಿಕಿತ್ಸೆಯಿಂದ ಹೋಗುತ್ತದೆಯೇ?

ಸಂಡೂರು, ಹೊಸಪೇಟೆ ಕಡೆಯಿಂದ ಇದು ಆಗಾಗ ಬರುವ ಪ್ರಶ್ನೆ. ಎದೆಯುರಿ ಇಲ್ಲದ, ಬರೀ ಕೆಮ್ಮು ಮತ್ತು ಗಂಟಲಿನ ತೊಂದರೆಗೆ ಆಮ್ಲವೇ ಕಾರಣ ಎನ್ನಲು ಪಿಎಚ್ ಪರೀಕ್ಷೆಯ ಆಧಾರ ಬೇಕು. ಧೂಳು, ಅಸ್ತಮಾ, ಕ್ಷಯ, ಅಲರ್ಜಿ, ತಂಬಾಕು, ರಕ್ತದೊತ್ತಡದ ಕೆಲವು ಮಾತ್ರೆಗಳು, ಇವೆಲ್ಲ ಕೆಮ್ಮು ತರುತ್ತವೆ. ಕಫದ ಪರೀಕ್ಷೆ, ಎದೆಯ ಎಕ್ಸರೆ ಮೊದಲು ಆಗಲಿ. ಆಮ್ಲ ಖಚಿತವಾದರೂ ಎದೆಯುರಿಯಷ್ಟು ಭರವಸೆಯಿಂದ ಕೆಮ್ಮು ಹೋಗುತ್ತದೆ ಎಂದು ಹೇಳಲಾರೆ.

ಅಪ್ಪನಿಗೆ ಬ್ಯಾರೆಟ್ ಎಂದು ಬಂದಿದೆ. ಕವಾಟ ಬಿಗಿ ಮಾಡಿಸಿದರೆ ಕ್ಯಾನ್ಸರ್ ಭಯ ಹೋಯಿತೇ?

ಇಲ್ಲ. ವರ್ಷಗಟ್ಟಲೆ ಆಮ್ಲ ತಾಗಿ ಅನ್ನನಾಳದ ಒಳಪದರ ಬದಲಾಗಿರುವುದೇ ಬ್ಯಾರೆಟ್. ಅದರಲ್ಲಿ ಕ್ಯಾನ್ಸರ್‌ಗೆ ತಿರುಗುವವರು ಕೆಲವೇ ಮಂದಿ, ಆದರೆ ಯಾರು ಎಂದು ತಿಳಿಯಲು ನಿಗದಿತ ಅವಧಿಗೆ ಎಂಡೊಸ್ಕೋಪಿ ಮತ್ತು ಬಯಾಪ್ಸಿ ಮುಂದುವರಿಯಲೇಬೇಕು. ಕವಾಟ ಸರಿಯಾಗಿದೆ ಎಂದು ಅದನ್ನು ಬಿಡಬಾರದು. ಜೀವಕೋಶಗಳಲ್ಲಿ ಕೆಟ್ಟ ಬದಲಾವಣೆ ಕಂಡರೆ ಆ ಪದರವನ್ನು ಎಂಡೊಸ್ಕೋಪಿಯಿಂದಲೇ ತೆಗೆಯುವ, ಸುಡುವ ಚಿಕಿತ್ಸೆಗಳಿವೆ.

ಮಾಡಿಸಿಕೊಂಡು ಎರಡು ವರ್ಷವಾಯಿತು. ಉರಿ ಮತ್ತೆ ಬಂದಿದೆ. ಇನ್ನೊಮ್ಮೆ ಮಾಡಿಸಬಹುದೇ?

ಮತ್ತೆ ಎದೆ ಉರಿದ ಮಾತ್ರಕ್ಕೆ ಕವಾಟ ಬಿಚ್ಚಿದೆ ಎಂದರ್ಥವಲ್ಲ. ಎಂಡೊಸ್ಕೋಪಿಯಲ್ಲಿ ಮಡಿಕೆ ಗಟ್ಟಿಯಾಗಿದೆಯೇ, ಹರ್ನಿಯಾ ಹೊಸದಾಗಿ ಬೆಳೆದಿದೆಯೇ ನೋಡಬೇಕು. ಮಾತ್ರೆ ನಿಲ್ಲಿಸಿ ಪಿಎಚ್ ಪರೀಕ್ಷೆಯನ್ನೂ ಮತ್ತೆ ಮಾಡಬೇಕು. ಆಮ್ಲದ ಪಾಲು ಸಹಜವಾಗಿದ್ದರೆ ಅನ್ನನಾಳದ ನರಗಳು ಸೂಕ್ಷ್ಮವಾಗಿರುವ ಸಾಧ್ಯತೆ ಇದೆ. ಅದಕ್ಕೆ ಬೇರೆ ಔಷಧಿಗಳಿವೆ, ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವ ಅಭ್ಯಾಸವೂ ನೆರವಾಗುತ್ತದೆ. ನಿಜವಾಗಿ ಸಡಿಲವಾಗಿದ್ದು ಹರ್ನಿಯಾ ಇಲ್ಲದಿದ್ದರೆ ಕಡಿಮೆ ಪ್ರಮಾಣದ ಮಾತ್ರೆ ಸಾಕಾಗುತ್ತದೆಯೇ ಎಂದು ಮೊದಲು ನೋಡುತ್ತೇನೆ. ಸಾಕಾಗದಿದ್ದರೆ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯ ದಾರಿ ತೆರೆದೇ ಇದೆ, ಹಿಂದೆ ಟಿಐಎಫ್ ಆಗಿದ್ದರೂ ಅನುಭವಿ ಶಸ್ತ್ರವೈದ್ಯರು ಅದನ್ನು ಮಾಡಬಲ್ಲರು. ಹೋಗುವಾಗ ಮೊದಲ ಚಿಕಿತ್ಸೆಯ ಪೂರ್ತಿ ವರದಿಯನ್ನು, ಯಾವ ವಿಧಾನ, ಎಷ್ಟು ಗುಂಡಿ ಅಥವಾ ಹೊಲಿಗೆ ಎಂಬ ವಿವರದ ಸಮೇತ, ಕೈಯಲ್ಲಿ ಹಿಡಿದು ಹೋಗಿ.